ಮೂವತ್ತನಾಲ್ಕು ಅಡಿಯ ಮಿತಿ: ನೀರೆತ್ತುವ ಪಂಪು ನಡೆದು ಬಂದ ದಾರಿ

ನೀರೆತ್ತುವ ಯಾವ ಪಂಪಿಗಾದರೂ ಎರಡು ಮಿತಿಗಳಿರುತ್ತವೆ. ಕೆಳಗಿನ ನೀರಿನ ಮಟ್ಟದಿಂದ ಪಂಪಿನವರೆಗಿನ ಎತ್ತರಕ್ಕೆ ಸಂಬಂಧಿಸಿದ್ದು ಹೀರುವ ಮಿತಿ. ಪಂಪಿನಿಂದ ಮೇಲಕ್ಕೆ ನೀರನ್ನು ತಳ್ಳುವಾಗ ಕೊಳವೆ, ಬೆಸುಗೆ, ಕವಾಟಗಳು ತಾಳಿಕೊಳ್ಳಬಲ್ಲ ಭಾರಕ್ಕೆ ಸಂಬಂಧಿಸಿದ್ದು ಒತ್ತಡದ ಮಿತಿ. ಮೊದಲನೆಯದನ್ನು ನಿಸರ್ಗವೇ ಗೊತ್ತುಮಾಡಿದೆ. ಸಮುದ್ರ ಮಟ್ಟದಲ್ಲಿ ಅದು ಸುಮಾರು 10.3 ಮೀಟರ್, ಎಂದರೆ 34 ಅಡಿಗೆ ಕೂದಲೆಳೆಯಷ್ಟು ಕಡಿಮೆ, ಮತ್ತು ಎಷ್ಟು ಅಶ್ವಶಕ್ತಿಯ ಯಂತ್ರವನ್ನು ತಂದು ಕೂರಿಸಿದರೂ ಅದು ಒಂದಂಗುಲವೂ ಹಿಗ್ಗುವುದಿಲ್ಲ. ಎರಡನೆಯದು ಮನುಷ್ಯನ ಕೈಕಸುಬಿನ ಮಿತಿಯಾದುದರಿಂದ ಲೋಹಗಾರಿಕೆ ಬೆಳೆದಂತೆ ತಾನೂ ಬೆಳೆದಿದೆ. ಕಳೆದ ನಾಲ್ಕೈದು ಶತಮಾನಗಳ ನೀರೆತ್ತುವ ಕಸುಬನ್ನು ಈ ಎರಡು ಮಿತಿಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಅದು ಪಂಪು ಬಲಶಾಲಿಯಾದ ಕಥೆ ಎನಿಸುವುದಕ್ಕಿಂತ ಹೆಚ್ಚಾಗಿ, ಪಂಪನ್ನು ಹಂತಹಂತವಾಗಿ ನೀರಿನ ಹತ್ತಿರಕ್ಕೆ ಇಳಿಸುತ್ತ ಹೋದ ಕಥೆ ಎನಿಸುತ್ತದೆ.

ಹೀರುವ ಮಿತಿ ಇರುವುದೇಕೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಪಂಪು ನೀರನ್ನು ಎಳೆಯುತ್ತದೆ ಎಂಬುದು ರೂಢಿಯ ಮಾತು. ವಾಸ್ತವವಾಗಿ ಅದು ಮಾಡುವುದು ತನ್ನೊಳಗಿನ ಮತ್ತು ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸುವ ಕೆಲಸವನ್ನಷ್ಟೆ. ಬಾವಿಯ ನೀರಿನ ಮೇಲ್ಮೈಯನ್ನು ಹೊರಗಿನ ವಾಯುಮಂಡಲ ಸದಾ ಅದುಮುತ್ತಿರುವುದರಿಂದ, ಒಳಗೆ ಒತ್ತಡ ತಗ್ಗಿದ ಕೂಡಲೇ ಆ ಗಾಳಿಯೇ ನೀರನ್ನು ಕೊಳವೆಯೊಳಗೆ ಮೇಲಕ್ಕೆ ನೂಕುತ್ತದೆ. ಎಳನೀರಿಗೆ ಕೊಳವೆ ಹಾಕಿ ಕುಡಿಯುವವರು ಮಾಡುವುದೂ ಇದನ್ನೇ. ಒಳಗಿನ ಗಾಳಿಯನ್ನು ಪೂರ್ತಿಯಾಗಿ ತೆಗೆದುಹಾಕಿದರೂ ಹೊರಗಿನ ಗಾಳಿಗೆ ಇರುವ ಬಲ ಇಷ್ಟೇ. ಅದು ಹೊತ್ತು ನಿಲ್ಲಿಸಬಲ್ಲ ನೀರಿನ ಕಂಬದ ಎತ್ತರ 10.3 ಮೀಟರ್. ಅದಕ್ಕಿಂತ ಮೇಲೆ ಕೂತ ಪಂಪು ಎಷ್ಟು ತಿರುಗಿದರೂ ಅದರ ಕೆಳಗೆ ಉಳಿಯುವುದು ಬರಿಯ ನಿರ್ವಾತ, ಎಂದರೆ ಗಾಳಿಯೂ ಇಲ್ಲದ ಖಾಲಿ ಜಾಗ.

ಈ ವಿವರಣೆ ವಿದ್ವಾಂಸರಿಗೆ ಹೊಳೆದದ್ದು ಹದಿನೇಳನೆಯ ಶತಮಾನದಲ್ಲಿ. ಆದರೆ ಮಿತಿಯ ಅರಿವು ಕಸುಬುದಾರರಿಗೆ ಅದಕ್ಕೂ ಹಿಂದಿನಿಂದಲೇ ಇತ್ತು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಗಣಿಗಳನ್ನು ಕಣ್ಣಾರೆ ಕಂಡಿದ್ದ ಜಾರ್ಜಿಯಸ್ ಅಗ್ರಿಕೋಲಾ ಲ್ಯಾಟಿನ್ ಭಾಷೆಯಲ್ಲಿ ಬರೆದ ಗಣಿಗಾರಿಕೆಯ ಬೃಹದ್ಗ್ರಂಥ, ಅವನು ತೀರಿಕೊಂಡ ಮರುವರ್ಷ, 1556ರಲ್ಲಿ, ಬಾಸೆಲ್ ನಗರದಲ್ಲಿ ಅಚ್ಚಾಯಿತು. ಆಳವಾದ ಗಣಿಯಿಂದ ನೀರೆತ್ತಲು ಒಂದರ ಮೇಲೊಂದರಂತೆ ಪಂಪುಗಳನ್ನು ನಿಲ್ಲಿಸಿ, ಕೆಳಗಿನದು ಒಂದು ತೊಟ್ಟಿಗೆ ನೀರು ಸುರಿದರೆ ಮೇಲಿನದು ಆ ತೊಟ್ಟಿಯಿಂದ ಮುಂದಕ್ಕೆ ಎತ್ತುವ, ಎಲ್ಲವನ್ನೂ ಒಂದೇ ನೀರುಗಾಲಿ ನಡೆಸುವ ವ್ಯವಸ್ಥೆಯನ್ನು ಅದು ಮರದ ಅಚ್ಚಿನ ಚಿತ್ರಗಳೊಡನೆ ವಿವರಿಸುತ್ತದೆ. ಗಣಿಯ ಬಡಗಿಗಳಿಗೆ ಒಂದು ಪಂಪು ಎಷ್ಟು ಎತ್ತೀತು ಎಂಬುದು ಗೊತ್ತಿತ್ತು, ಯಾಕೆ ಅಷ್ಟೇ ಎತ್ತುತ್ತದೆ ಎಂದು ಕೇಳಿಕೊಳ್ಳುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಪ್ರಶ್ನೆ ಕೇಳುವ ಪ್ರಸಂಗ ಇಟಲಿಯಲ್ಲಿ ಒದಗಿತು. 1630ರಲ್ಲಿ ಜಿನೋವಾದ ಜೊವಾನ್ನಿ ಬತ್ತಿಸ್ತಾ ಬಾಲಿಯಾನಿ, ಸುಮಾರು 20 ಮೀಟರ್ ಎತ್ತರದ ಗುಡ್ಡವೊಂದರ ಮೇಲಿಂದ ನೀರನ್ನು ದಾಟಿಸಲು ಹೂಡಿದ್ದ ಬಾಗುಗೊಳವೆ ಕೆಲಸ ಮಾಡದೆ ಹೋದುದನ್ನು ಗೆಲಿಲಿಯೊಗೆ ಬರೆದು ತಿಳಿಸಿದ. ಗೆಲಿಲಿಯೊ 1638ರಲ್ಲಿ ಲೈಡನ್ ನಗರದಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥದಲ್ಲಿ ಈ ಸಮಸ್ಯೆಯನ್ನು ಸಂಭಾಷಣೆಯ ರೂಪದಲ್ಲಿ ಎತ್ತಿಕೊಳ್ಳುತ್ತಾನೆ. ತೊಟ್ಟಿಯ ನೀರು ಇಳಿದಾಗ ಪಂಪು ನಿಂತುಹೋದುದನ್ನು ಕಂಡು, ಯಂತ್ರ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿದರೆ, ಅವನು ದೋಷ ಪಂಪಿನದಲ್ಲ, ಹದಿನೆಂಟು ಬ್ರಾಚ್ಚೊಗಿಂತ ಹೆಚ್ಚಿನ ಎತ್ತರಕ್ಕೆ ನೀರು ಏರುವುದೇ ಇಲ್ಲ ಎಂದು ಹೇಳಿದನೆಂದು ಅಲ್ಲಿನ ಪಾತ್ರವೊಂದು ನೆನೆಯುತ್ತದೆ. ಬ್ರಾಚ್ಚೊ ಎಂಬುದು ಫ್ಲಾರೆನ್ಸಿನ ಮೊಳ; ಹದಿನೆಂಟು ಮೊಳವೆಂದರೆ ಸುಮಾರು 10.5 ಮೀಟರ್. ಹೆಸರು ದಾಖಲಾಗದ ಆ ಕೆಲಸಗಾರನ ಅಳತೆ ಇಂದಿನ ಪ್ರಯೋಗಾಲಯದ ಅಂಕಿಗೆ ಎಷ್ಟು ಹತ್ತಿರವಾಗಿದೆಯೆಂದರೆ, ಅವನು ಆಧುನಿಕ ಭೌತವಿಜ್ಞಾನದ ದೊಡ್ಡದೊಂದು ಅಧ್ಯಾಯಕ್ಕೆ ಬಾಗಿಲು ತೆರೆದವನೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ನಿಸರ್ಗವು ಶೂನ್ಯವನ್ನು ಸಹಿಸದು, ಆದ್ದರಿಂದ ನೀರು ಖಾಲಿ ಜಾಗವನ್ನು ತುಂಬಲು ಏರುತ್ತದೆ ಎಂಬುದು ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆಯಾಗಿತ್ತು. ಆದರೆ ಹದಿನೆಂಟು ಮೊಳದವರೆಗೆ ಸಹಿಸದ ನಿಸರ್ಗ ಅದರಾಚೆಗೆ ಸಹಿಸಿಕೊಳ್ಳುವುದೇಕೆ? ತುಂಬ ಉದ್ದವಾದ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುವಂತೆ ನೀರಿನ ಕಂಬವೂ ಹರಿಯುತ್ತದೆ ಎಂದು ಗೆಲಿಲಿಯೊ ಊಹಿಸಿದ. ಊಹೆ ತಪ್ಪಾಗಿತ್ತು. ಗಾಳಿಯ ಭಾರವೇ ಇದಕ್ಕೆ ಕಾರಣವಿರಬಹುದೆಂದು ಬಾಲಿಯಾನಿ 1630ರ ಕೊನೆಯ ಭಾಗದಲ್ಲಿಯೇ ಅವನಿಗೆ ಬರೆದಿದ್ದನಾದರೂ ಗೆಲಿಲಿಯೊ ಅದನ್ನು ಸ್ವೀಕರಿಸಲಿಲ್ಲ. ರೋಮಿನಲ್ಲಿ ಗ್ಯಾಸ್ಪರೊ ಬೆರ್ತಿ 1640ರ ಆಸುಪಾಸಿನಲ್ಲಿ ತನ್ನ ಮನೆಯ ಗೋಡೆಗೆ ಉದ್ದನೆಯ ಸೀಸದ ಕೊಳವೆಯನ್ನು ನಿಲ್ಲಿಸಿ ನೀರು ತುಂಬಿಸಿ ಕೆಳಗಿನ ಬಾಯನ್ನು ತೆರೆದಾಗ, ನೀರು ಸ್ವಲ್ಪ ಇಳಿದು ಅದೇ ಹದಿನೆಂಟು ಮೊಳದಲ್ಲಿ ನಿಂತಿತು. ಗೆಲಿಲಿಯೊನ ಕೊನೆಯ ದಿನಗಳಲ್ಲಿ ಅವನ ಜೊತೆಗಿದ್ದ ಇವಾಂಜೆಲಿಸ್ತಾ ತೊರಿಚೆಲ್ಲಿಯ ಜಾಣತನವೆಂದರೆ ನೀರಿಗೆ ಬದಲಾಗಿ ಅದಕ್ಕಿಂತ 13.6 ಪಟ್ಟು ತೂಕದ ಪಾದರಸವನ್ನು ಆರಿಸಿಕೊಂಡದ್ದು; ಹತ್ತು ಮೀಟರಿನ ಕೊಳವೆ ಇದರಿಂದ ಕೈಯಲ್ಲಿ ಹಿಡಿಯಬಹುದಾದ ಗಾಜಿನ ನಳಿಗೆಯಾಯಿತು. ಪಾದರಸ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು. ಮನುಷ್ಯರು ಗಾಳಿಯ ಸಾಗರದ ತಳದಲ್ಲಿ ಬದುಕುತ್ತಿದ್ದಾರೆ, ಆ ಸಾಗರದ ಭಾರವೇ ಈ ಕಂಬವನ್ನು ಹೊತ್ತಿದೆ ಎಂಬ ಆಶಯದ ಮಾತನ್ನು ತೊರಿಚೆಲ್ಲಿ 1644ರ ಜೂನ್ ತಿಂಗಳಲ್ಲಿ ಗೆಳೆಯ ರಿಚ್ಚಿಗೆ ಬರೆದ ಪತ್ರದಲ್ಲಿ ಕಾಣಬಹುದು.

ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಈ ವಾದವನ್ನು ಬೆಟ್ಟದ ಮೇಲೆ ಪರೀಕ್ಷೆಗೊಡ್ಡಿದ. ಮೇಲೇರಿದಂತೆ ತಲೆಯ ಮೇಲಿನ ಗಾಳಿ ಕಡಿಮೆಯಾಗುವುದಾದರೆ ಪಾದರಸವೂ ಇಳಿಯಬೇಕು. 1648ರ ಸೆಪ್ಟೆಂಬರ್ 19ರಂದು ಅವನ ಭಾವ ಫ್ಲೊರಾಂ ಪೆರಿಯೆ ಪ್ಯೂಯಿ ದ ದೋಮ್ ಪರ್ವತವನ್ನು ಹತ್ತಿ ನೋಡಿದಾಗ ಬುಡಕ್ಕಿಂತ ತುದಿಯಲ್ಲಿ ಅದು ಸುಮಾರು ಎಂಟು ಸೆಂಟಿಮೀಟರ್ ತಗ್ಗಿತ್ತು. ಪಂಪು ಜೋಡಿಸುವವರಿಗೆ ಈ ಪ್ರಯೋಗ ಇಂದಿಗೂ ಪ್ರಸ್ತುತ. ಮಂಗಳೂರಿನಲ್ಲಿ ಹೀರುವ ಮಿತಿ 10.3 ಮೀಟರ್ ಇದ್ದರೆ, ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಅದು ಲೆಕ್ಕದ ಪ್ರಕಾರ 9.2 ಮೀಟರಿಗೂ, ಮಡಿಕೇರಿಯಲ್ಲಿ ಹೆಚ್ಚುಕಡಿಮೆ 9 ಮೀಟರಿಗೂ ಇಳಿಯುತ್ತದೆ. ಇದೂ ಕಾಗದದ ಮೇಲಿನ ಅಂಕಿಯೇ. ಕೊಳವೆಯ ತುದಿಯಲ್ಲಿ ನೀರು ಹಿಂದಕ್ಕೆ ಜಾರದಂತೆ ತಡೆಯುವ ಫುಟ್‌ವಾಲ್ವ್, ಬೆಂಡುಗಳು, ಕೊಳವೆಯ ಒಳಗೋಡೆಯ ತಿಕ್ಕಾಟ, ನೀರು ಬಿಸಿಯಾಗಿದ್ದಷ್ಟೂ ಹೆಚ್ಚುವ ಆವಿಯ ಒತ್ತಡ, ಇವೆಲ್ಲ ತಮ್ಮ ತಮ್ಮ ಪಾಲನ್ನು ಕಿತ್ತುಕೊಂಡ ಮೇಲೆ ಉಳಿಯುವುದು ಆರರಿಂದ ಏಳು ಮೀಟರ್, ಎಂದರೆ ಇಪ್ಪತ್ತರಿಂದ ಇಪ್ಪತ್ತಮೂರು ಅಡಿ.

ಒತ್ತಡದ ಮಿತಿಯ ಕಥೆ ಬೇರೆ ಜಾಡಿನದು. ಪಂಪು ಒಮ್ಮೆ ನೀರನ್ನು ತನ್ನೊಳಕ್ಕೆ ತೆಗೆದುಕೊಂಡ ಮೇಲೆ ಅದನ್ನು ಮೇಲಕ್ಕೆ ತಳ್ಳಲು ವಾಯುಮಂಡಲದ ಅಪ್ಪಣೆ ಬೇಕಿಲ್ಲ. ಯಂತ್ರದ ಬಲವೂ ಕೊಳವೆಯ ಗಟ್ಟಿತನವೂ ಸಾಕು. ಹತ್ತು ಮೀಟರ್ ಎತ್ತರಕ್ಕೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಂ ಭಾರ ಬೀಳುತ್ತದೆ ಎಂಬುದು ಇದರ ಸರಳ ಲೆಕ್ಕ. ಹದಿನಾಲ್ಕನೆಯ ಲೂಯಿಯ ಅರಮನೆ ತೋಟಗಳ ಕಾರಂಜಿಗಳಿಗಾಗಿ ಸೇನ್ ನದಿಯ ದಂಡೆಯಲ್ಲಿ 1680ರ ದಶಕದಲ್ಲಿ ಕಟ್ಟಿದ ಮಾರ್ಲಿ ಯಂತ್ರ ಈ ಮಿತಿಯ ಭವ್ಯವಾದ, ತುಸು ಹಾಸ್ಯಾಸ್ಪದವೂ ಆದ ಸ್ಮಾರಕ. ಹದಿನಾಲ್ಕು ನೀರುಗಾಲಿಗಳು, ಇನ್ನೂರಕ್ಕೂ ಹೆಚ್ಚು ಪಂಪುಗಳು, ಬೆಟ್ಟದುದ್ದಕ್ಕೂ ಕಿರುಗುಟ್ಟುವ ಸರಳುಗಳು ಸೇರಿ ನೀರನ್ನು 160 ಮೀಟರಿನಷ್ಟು ಎತ್ತರಕ್ಕೆ ಏರಿಸುತ್ತಿದ್ದವು. ಆದರೆ ಅಷ್ಟೂ ಎತ್ತರದ ಭಾರವನ್ನು ಒಂದೇ ಕೊಳವೆ ತಾಳಲಾರದಾದ್ದರಿಂದ ದಾರಿಯಲ್ಲಿ ಎರಡು ಕಡೆ ತೊಟ್ಟಿ ಕಟ್ಟಿ, ಮೂರು ಹಂತಗಳಲ್ಲಿ ಎತ್ತಬೇಕಾಯಿತು.

ಎರಡೂ ಮಿತಿಗಳಿಗೆ ಒಂದೇ ಯಂತ್ರ ತಲೆ ಡಿಕ್ಕಿ ಹೊಡೆದ ಪ್ರಸಂಗವನ್ನು ನೋಡಬೇಕಾದರೆ ಇಂಗ್ಲೆಂಡಿನ ಥಾಮಸ್ ಸೇವರಿಗೆ ಬರಬೇಕು. 1698ರಲ್ಲಿ ಅವನು ಪೇಟೆಂಟ್ ಪಡೆದ ಉಗಿ ಪಂಪಿನಲ್ಲಿ ಪಿಸ್ಟನ್ ಇರಲಿಲ್ಲ. ಪಾತ್ರೆಯೊಂದರಲ್ಲಿ ಉಗಿ ತುಂಬಿಸಿ, ಹೊರಗಿನಿಂದ ತಣ್ಣೀರು ಸುರಿದರೆ ಉಗಿ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತಿತ್ತು, ಕೆಳಗಿನ ನೀರು ಏರಿ ಬಂದು ಪಾತ್ರೆಯನ್ನು ತುಂಬುತ್ತಿತ್ತು. ಬಳಿಕ ಮತ್ತೆ ಉಗಿ ಬಿಟ್ಟು ಆ ನೀರನ್ನು ಮೇಲಿನ ಕೊಳವೆಗೆ ತಳ್ಳಲಾಗುತ್ತಿತ್ತು. ಹೀರುವ ಮಿತಿಯಿಂದಾಗಿ ಯಂತ್ರವನ್ನು ಗಣಿಯೊಳಗೇ, ನೀರಿನಿಂದ ಇಪ್ಪತ್ತು ಮೂವತ್ತು ಅಡಿಯೊಳಗೆ, ಬೆಂಕಿ ಬಾಯ್ಲರುಗಳ ಸಮೇತ ಇಡಬೇಕಿತ್ತು. ಮೇಲಕ್ಕೆ ಹೆಚ್ಚು ತಳ್ಳಬೇಕಾದರೆ ಉಗಿಯ ಒತ್ತಡ ಹೆಚ್ಚಬೇಕು, ಹೆಚ್ಚಿಸಿದರೆ ಅಂದಿನ ಬೆಸುಗೆ ಕರಗಿ ಸಂದುಗಳು ಬಿಟ್ಟುಕೊಳ್ಳುತ್ತಿದ್ದವು. ಗಣಿಗಾರರ ಮಿತ್ರನೆಂದು ಕರೆಸಿಕೊಂಡ ಈ ಯಂತ್ರ ಗಣಿಗಾರರಿಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ.

ಥಾಮಸ್ ನ್ಯೂಕಾಮನ್ 1712ರಲ್ಲಿ ಡಡ್ಲಿ ಕೋಟೆಯ ಬಳಿ ನಿಲ್ಲಿಸಿದ ಎಂಜಿನ್ ಗೆದ್ದದ್ದು ಬಲ ಒದಗಿಸುವ ಮತ್ತು ನೀರೆತ್ತುವ ಕೆಲಸಗಳನ್ನು ಬೇರ್ಪಡಿಸಿದ್ದರಿಂದ. ಎಂಜಿನ್ ನೆಲದ ಮೇಲೆ ಉಳಿಯಿತು. ಪಂಪು ಗಣಿಯ ತಳಕ್ಕೆ ಇಳಿಯಿತು. ನಡುವೆ ತೂಗುವ ದೊಡ್ಡ ತೊಲೆಯಿಂದ ಇಳಿಬಿಟ್ಟ ಉದ್ದನೆಯ ಸರಳು ಎರಡನ್ನೂ ಜೋಡಿಸಿತು. 150 ಅಡಿಗೂ ಹೆಚ್ಚು ಆಳದ ಗಣಿಯಿಂದ ನಿಮಿಷಕ್ಕೆ ಹನ್ನೆರಡು ಬಾರಿ, ಪ್ರತಿಸಲವೂ ಹತ್ತು ಗ್ಯಾಲನ್ ನೀರನ್ನು ಅದು ಎತ್ತುತ್ತಿತ್ತೆಂದು ದಾಖಲಾಗಿದೆ. ಗಾಳಿಯ ಒತ್ತಡವನ್ನು ನೀರೇರಿಸುವ ಕೆಲಸದಿಂದ ಬಿಡಿಸಿ, ಎಂಜಿನ್ನಿನ ಪಿಸ್ಟನ್ನನ್ನು ಕೆಳಕ್ಕೆ ಒತ್ತುವ ಕೆಲಸಕ್ಕೆ ಹಚ್ಚಿದ್ದು ನ್ಯೂಕಾಮನ್ನನ ಪ್ರತಿಭೆ. ಪಂಪನ್ನು ನೀರಿನ ಬಳಿಗೆ ಕಳುಹಿಸಿ, ಬಲವನ್ನಷ್ಟೇ ಮೇಲಿನಿಂದ ಒದಗಿಸುವ ಈ ಸೂತ್ರ ಮುಂದಿನ ಮುನ್ನೂರು ವರ್ಷಗಳಲ್ಲಿ ವೇಷ ಬದಲಿಸಿತೇ ಹೊರತು ಬದಲಾಗಲಿಲ್ಲ.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಜಾನ್ ಆಪೋಲ್ಡ್ ಬಾಗಿದ ಎಲೆಗಳ ಚಕ್ರವುಳ್ಳ ಪಂಪನ್ನು ತೋರಿಸಿದ ಮೇಲೆ ಕೇಂದ್ರಾಪಗಾಮಿ ಪಂಪು, ಎಂದರೆ ವೇಗವಾಗಿ ತಿರುಗುವ ಇಂಪೆಲ್ಲರ್ ಚಕ್ರ ನೀರನ್ನು ನಡುವಿನಿಂದ ಅಂಚಿಗೆ ಎಸೆಯುವ ಮಾದರಿ, ಹೆಚ್ಚು ಬಳಕೆಗೆ ಬಂದಿತು. ಇದಕ್ಕೆ ಎರಡು ದೌರ್ಬಲ್ಯಗಳಿದ್ದವು. ಒಳಗೆ ಗಾಳಿಯಿದ್ದರೆ ಇದು ನೀರನ್ನು ಹಿಡಿಯಲಾರದಾದ್ದರಿಂದ ಮೊದಲು ಪಂಪಿಗೂ ಸಕ್ಷನ್ ಪೈಪಿಗೂ ನೀರು ತುಂಬಿಸಿಯೇ ಚಾಲೂ ಮಾಡಬೇಕು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು: ಹೀರುವ ಎತ್ತರ ಅತಿಯಾದಾಗ ಚಕ್ರದ ನಡುಭಾಗದಲ್ಲಿ ಒತ್ತಡ ಎಷ್ಟು ಇಳಿಯುತ್ತದೆಯೆಂದರೆ ನೀರು ತಣ್ಣಗಿರುವಾಗಲೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ, ಅವು ಅಂಚಿನತ್ತ ಸರಿದು ಹೆಚ್ಚಿನ ಒತ್ತಡಕ್ಕೆ ಸಿಕ್ಕಿ ಥಟ್ಟನೆ ಕುಸಿಯುವಾಗ ಲೋಹದ ಮೈಯನ್ನು ಚಿಕ್ಕ ಚಿಕ್ಕ ಗುಳಿಗಳಾಗಿ ಕೊರೆದುಹಾಕುತ್ತವೆ. ಕ್ಯಾವಿಟೇಶನ್ ಎಂದು ಕರೆಯಲಾಗುವ ಈ ವಿದ್ಯಮಾನ ಮೊದಲು ಗಮನಕ್ಕೆ ಬಂದದ್ದು 1890ರ ದಶಕದಲ್ಲಿ, ವೇಗದ ಹಡಗುಗಳ ಪ್ರೊಪೆಲ್ಲರುಗಳಲ್ಲಿ. ಗುಳ್ಳೆ ಕುಸಿಯುವ ಬಗೆಯ ಗಣಿತವನ್ನು ಲಾರ್ಡ್ ರೇಲಿ 1917ರಲ್ಲಿ ಬರೆದ. ಹೀಗೆ ಹೀರುವ ಮಿತಿಗೆ ಹೊಸದೊಂದು ಅರ್ಥ ಬಂದಿತು: ಮಿತಿಯ ಅಂಚಿಗೆ ಹೋದ ಪಂಪು ನೀರೆತ್ತದೆ ನಿಲ್ಲುವುದಕ್ಕೆ ಮೊದಲೇ ತನ್ನನ್ನು ತಾನು ತಿಂದುಕೊಳ್ಳತೊಡಗುತ್ತದೆ.

ಕರ್ನಾಟಕದ ತೆರೆದ ಬಾವಿಗಳಿಗೆ ಈ ಯಂತ್ರ ಬಂದಾಗ ಅದು ಎದುರಿಸಿದ್ದು ಕಪಿಲೆಯನ್ನು. ಚರ್ಮದ ಚೀಲವನ್ನು ಹಗ್ಗಕ್ಕೆ ಕಟ್ಟಿ, ಜೋಡೆತ್ತುಗಳು ಇಳಿಜಾರಿನಲ್ಲಿ ಎಳೆಯುತ್ತ ನೀರೆತ್ತುವ ಕಪಿಲೆಗೆ ವಾಯುಮಂಡಲದ ಮಿತಿಯೇ ಇರಲಿಲ್ಲ. ಎತ್ತಿನ ಕಸುವು, ಹಗ್ಗದ ಉದ್ದ, ರೈತನ ತಾಳ್ಮೆ ಇವಷ್ಟೇ ಅದರ ಮಿತಿಗಳು. ನಲವತ್ತು ಐವತ್ತು ಅಡಿಯ ಬಾವಿಗೂ ಅದು ಒಗ್ಗುತ್ತಿತ್ತು. ಆಳದ ಮಟ್ಟಿಗೆ ಹೇಳುವುದಾದರೆ, ಬಾವಿಯ ದಂಡೆಯ ಮೇಲೆ ಕೂತ ಪಂಪು ಕಪಿಲೆಗೆ ಸಾಟಿಯೇ ಆಗಿರಲಿಲ್ಲ ಎಂಬುದನ್ನು ಯಂತ್ರಯುಗದ ಹೊಗಳಿಕೆಯಲ್ಲಿ ಮರೆಯಲಾಗುತ್ತದೆ. ಮದ್ರಾಸ್ ಪ್ರಾಂತದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಾವಿಗಳಿಗೆ ಆಯಿಲ್ ಎಂಜಿನ್ ಪಂಪುಗಳನ್ನು ಪ್ರಚಾರಕ್ಕೆ ತಂದ ಆಲ್ಫ್ರೆಡ್ ಚಾಟರ್ಟನ್, ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆ ಇಲಾಖೆಯ ನಿರ್ದೇಶಕನಾದ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆ, 1910ರಲ್ಲಿ ಕಿರ್ಲೋಸ್ಕರವಾಡಿಗೆ ನೆಲೆ ಬದಲಿಸಿದ ಬಳಿಕ, 1920ರ ದಶಕದಲ್ಲಿ ದೇಶದಲ್ಲಿಯೇ ಕೇಂದ್ರಾಪಗಾಮಿ ಪಂಪುಗಳನ್ನು ಎರಕಹೊಯ್ಯತೊಡಗಿತು.

ಬಾವಿ ಆಳವಾಗಿದ್ದು ಪಂಪು ಇಪ್ಪತ್ತು ಅಡಿಯಷ್ಟೇ ಹೀರಬಲ್ಲುದಾದರೆ ಮಾಡುವುದೇನು? ಸ್ಯಾಕ್ಸನಿಯ ಬಡಗಿಗಳು ಕಂಡುಕೊಂಡ ಉತ್ತರವನ್ನೇ ಬಯಲುಸೀಮೆಯ ರೈತನೂ ಕಂಡುಕೊಂಡ. ಬಾವಿಯ ಒಳಗೋಡೆಯಲ್ಲಿ ಕಲ್ಲಿನ ಕಟ್ಟೆ ಬಿಟ್ಟು, ಇಲ್ಲವೆ ಅಡ್ಡಲಾಗಿ ತೊಲೆಗಳನ್ನು ಹಾಯಿಸಿ, ಅದರ ಮೇಲೆ ಪಂಪನ್ನು ಇಳಿಸಿ ಕೂರಿಸಲಾಯಿತು. ಎಂಜಿನ್ ಮೇಲೆ ಉಳಿದರೆ ಉದ್ದನೆಯ ಬೆಲ್ಟು ಎರಡನ್ನೂ ಜೋಡಿಸುತ್ತಿತ್ತು, ವಿದ್ಯುತ್ ಬಂದ ಮೇಲೆ ಮೋಟಾರೂ ಪಂಪಿನ ಜೊತೆಗೇ ಇಳಿಯಿತು. ಬೇಸಿಗೆಯಲ್ಲಿ ನೀರು ಇಳಿದಂತೆ ಪಂಪನ್ನು ಇನ್ನೂ ಕೆಳಗಿನ ಕಟ್ಟೆಗೆ ಇಳಿಸುವುದು, ಮಳೆಗಾಲದಲ್ಲಿ ಬಾವಿ ತುಂಬುವ ಮೊದಲು ಮೇಲೆತ್ತುವುದು, ರಾತ್ರಿ ಸುರಿದ ಮಳೆಗೆ ಎಚ್ಚರ ತಪ್ಪಿದರೆ ಮುಳುಗಿದ ಮೋಟಾರನ್ನು ಬಿಚ್ಚಿ ರಿವೈಂಡಿಂಗ್ ಅಂಗಡಿಗೆ ಹೊರುವುದು, ಇವು ಒಂದು ಇಡೀ ತಲೆಮಾರಿನ ಬೇಸಾಯಗಾರರಿಗೆ ಬಿತ್ತನೆ ಕಟಾವುಗಳಂತೆಯೇ ವರ್ಷದ ಕೆಲಸಗಳಾಗಿದ್ದವು. ಡೀಸೆಲ್ ಎಂಜಿನ್ನನ್ನೇ ಬಾವಿಯೊಳಗೆ ಇಳಿಸಿದ ಕಡೆಗಳಲ್ಲಿ ಅದರ ಹೊಗೆ ಕೆಳಗೆ ಹೋದವರ ಪ್ರಾಣಕ್ಕೇ ಅಪಾಯವಾಗಿತ್ತು.

ಕೊಳವೆಬಾವಿಯ ಕಾಲದಲ್ಲಿ ಕಟ್ಟೆಗೆ ಜಾಗವಿಲ್ಲ. 1960ರ ದಶಕದ ಕೊನೆಯಲ್ಲಿ ಯುನಿಸೆಫ್ ನೆರವಿನಿಂದ ಬಂಡೆ ಕೊರೆಯುವ ವೇಗದ ಯಂತ್ರಗಳು ಭಾರತಕ್ಕೆ ಬಂದ ಮೇಲೆ, ಗಟ್ಟಿ ಶಿಲೆಯ ದಖ್ಖನಿನಲ್ಲಿ ಆರಂಗುಲ ಅಗಲದ, ನೂರಾರು ಅಡಿ ಆಳದ ರಂಧ್ರಗಳು ಸಾಧ್ಯವಾದವು. 1970ರ ದಶಕದ ಉತ್ತರಾರ್ಧದಲ್ಲಿ ರೂಪುಗೊಂಡು ಹಳ್ಳಿಹಳ್ಳಿಗೂ ಬಂದ ಇಂಡಿಯಾ ಮಾರ್ಕ್ 2 ಕೈಪಂಪಿನ ಸಿಲಿಂಡರ್ ಕಣ್ಣಿಗೆ ಬೀಳುವುದಿಲ್ಲ. ಅದು ಕೆಳಗೆ ನೀರಿನೊಳಗಿರುತ್ತದೆ, ಮೇಲಿನ ಹಿಡಿಕೆಯಿಂದ ಅದರವರೆಗೆ ಕಬ್ಬಿಣದ ಸರಳು ಇಳಿದಿರುತ್ತದೆ. ಡಡ್ಲಿಯ ಎಂಜಿನ್ನಿನ ವಿನ್ಯಾಸವೇ ಇದು, ಉಗಿಯ ಬದಲು ನೀರಿಗೆ ಬಂದ ಹೆಂಗಸರ ತೋಳಿನ ಬಲ. ರಷ್ಯಾ ಮೂಲದ ಅರ್ಮೈಸ್ ಅರುಟುನಾಫ್ ಅಮೆರಿಕದ ಎಣ್ಣೆ ಬಾವಿಗಳಿಗಾಗಿ ರೂಪಿಸಿದ ಸಬ್‌ಮರ್ಸಿಬಲ್ ಪಂಪು ಸರಳನ್ನೂ ಕಿತ್ತುಹಾಕಿ, ಮೋಟಾರನ್ನೇ ತೆಳ್ಳಗೆ ಉದ್ದವಾಗಿಸಿ ನೀರಿನೊಳಗೆ ಮುಳುಗಿಸಿತು. ಮೇಲಿನಿಂದ ಕೆಳಗೆ ಹೋಗುವುದು ಈಗ ಕೇಬಲ್ ಮಾತ್ರ.

ಹೀರುವ ಮಿತಿ ಇಲ್ಲಿಗೆ ಅಪ್ರಸ್ತುತವಾಯಿತು; ಅದರ ಜಾಗವನ್ನು ಒತ್ತಡದ ಮಿತಿ ಆಕ್ರಮಿಸಿತು. ಸಾವಿರ ಅಡಿಯಲ್ಲಿ ತೂಗುವ ಪಂಪಿನ ಬಾಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಮೂವತ್ತು ಕಿಲೋಗ್ರಾಂ ಒತ್ತಡವಿರುತ್ತದೆ, ಮೇಲಿನ ಪೈಪಿಗಿಂತ ಕೆಳಗಿನ ಪೈಪಿನೊಳಗೆ ಒತ್ತಡ ಹಲವು ಪಟ್ಟು. ಕರೆಂಟು ಥಟ್ಟನೆ ಹೋದಾಗ ಮೇಲೇರುತ್ತಿದ್ದ ನೀರಿನ ಕಂಬ ಹಿಂದಕ್ಕೆ ಕುಸಿದು, ನೀರು ಹಿಮ್ಮರಳದಂತೆ ತಡೆಯುವ ಕವಾಟಕ್ಕೆ ಬಂದು ಅಪ್ಪಳಿಸುತ್ತದೆ. ಮಾಸ್ಕೋದ ನೀರು ಸರಬರಾಜು ಕೊಳವೆಗಳು ಒಡೆಯುತ್ತಿದ್ದ ಕಾರಣವನ್ನು ಹುಡುಕುತ್ತ ನಿಕೊಲಾಯ್ ಝುಕೋವ್‌ಸ್ಕಿ 1898ರ ಹೊತ್ತಿಗೆ ಈ ಆಘಾತದ ನಿಯಮವನ್ನು ಕಂಡುಹಿಡಿದಿದ್ದ: ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಒಮ್ಮೆಲೇ ನಿಂತರೆ ನೂರು ಮೀಟರಿಗೂ ಮಿಕ್ಕಿದ ಎತ್ತರದ ಒತ್ತಡ ಹೆಚ್ಚುವರಿಯಾಗಿ ಎರಗುತ್ತದೆ. ಪಂಪಿನ ಪಟ್ಟಿಯಲ್ಲಿ ಬರೆದಿರುವ ಒತ್ತಡಕ್ಕೆ ಸರಿಸಮನಾದ ಪೈಪನ್ನು ಇಳಿಸಿದರೆ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನಗರಗಳ ನೀರಿನ ಇತಿಹಾಸವೂ ಇದೇ ಎರಡು ಮಿತಿಗಳ ನಡುವೆ ಸಾಗಿ ಬಂದಿದೆ. 1896ರಲ್ಲಿ ಬೆಂಗಳೂರಿಗೆ ಹೆಸರಘಟ್ಟದ ನೀರು ತಂದಾಗ ಅದು ಸೋಲದೇವನಹಳ್ಳಿಯವರೆಗೆ ಇಳಿಜಾರಿನಲ್ಲಿ ತಾನಾಗಿ ಹರಿದುಬಂದು, ಅಲ್ಲಿಂದ ಉಗಿ ಪಂಪುಗಳ ಮೂಲಕ ನಗರಕ್ಕೆ ಏರುತ್ತಿತ್ತು. ಪಂಪು ನೀರಿಗಾಗಿ ಮೇಲಿನಿಂದ ಬಾಯಿ ಚಾಚದಂತೆ, ನೀರೇ ಪಂಪಿನ ಬಳಿಗೆ ಬರುವಂತೆ ಮಾಡಿದ ಆ ವ್ಯವಸ್ಥೆ ಜಾಣತನದ್ದಾಗಿತ್ತು. 1974ರಲ್ಲಿ ಮೊದಲ ಹಂತ ಮುಗಿದ ಕಾವೇರಿ ಯೋಜನೆ ಸುಮಾರು ನೂರು ಕಿಲೋಮೀಟರ್ ದೂರದಿಂದ ಐನೂರು ಮೀಟರಿನಷ್ಟು ಎತ್ತರಕ್ಕೆ ನೀರನ್ನು ಏರಿಸುತ್ತದೆ. ಮಾರ್ಲಿಯ ಬೀಡುಕಬ್ಬಿಣದ ಜಾಗದಲ್ಲಿ ಉಕ್ಕಿನ ಕೊಳವೆಗಳಿದ್ದರೂ, ನೀರುಗಾಲಿಗಳ ಜಾಗದಲ್ಲಿ ಸಾವಿರಾರು ಅಶ್ವಶಕ್ತಿಯ ಮೋಟಾರುಗಳಿದ್ದರೂ, ಆ ಎತ್ತರವನ್ನು ಒಂದೇ ನೆಗೆತದಲ್ಲಿ ದಾಟುವ ಸಾಹಸಕ್ಕೆ ಇಲ್ಲಿನ ಎಂಜಿನಿಯರುಗಳೂ ಹೋಗಲಿಲ್ಲ. ತೊರೆಕಾಡನಹಳ್ಳಿಯಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ, ಹೀಗೆ ಮೂರು ಹಂತಗಳಲ್ಲಿಯೇ ಕಾವೇರಿ ಇಂದಿಗೂ ಬೆಂಗಳೂರಿಗೆ ಏರುತ್ತಿದೆ.